ಮನೆಯವರ ಪರಿಚಯ, ಮನೆಯ ಪರಿಚಯ: ಮೂರು ತಲೆಮಾರಿನ ಒಂದು ದುರಸ್ತಿ ಸಂಸ್ಥೆಯ ಪ್ರಕರಣ

ಹಿನ್ನೆಲೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ದುರಸ್ತಿ ಮತ್ತು ನವೀಕರಣವನ್ನೇ ಕಸುಬಾಗಿ ನಂಬಿಕೊಂಡು ಮೂರು ತಲೆಮಾರು ದಾಟಿರುವ ಒಂದು ಕುಟುಂಬ ಸಂಸ್ಥೆಯ ಪ್ರಕರಣವಿದು. ಆ ಸಂಸ್ಥೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿದ್ದುದರಿಂದ ಒಳಗಿನ ಕೆಲವು ತೀರ್ಮಾನಗಳು ರೂಪುಗೊಂಡ ಬಗೆಯನ್ನು ಹತ್ತಿರದಿಂದ ಕಾಣುವ ಅವಕಾಶ ಸಿಕ್ಕಿತು. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಹೆಸರು, ಬೀದಿಗಳನ್ನು ಕೈಬಿಟ್ಟು, ವೈಯಕ್ತಿಕ ವಿವರಗಳಲ್ಲಿ ಕೆಲವನ್ನು ಬದಲಿಸಿದ್ದೇನೆ.

ಸಂಸ್ಥೆಯನ್ನು ಆರಂಭಿಸಿದವರು ಗಾರೆ ಕೆಲಸದ ಮೇಸ್ತ್ರಿ. 1950ರ ದಶಕದ ಕೊನೆಯಲ್ಲಿ ಹಳ್ಳಿಯಿಂದ ನಗರಕ್ಕೆ ಬಂದ ಅವರಿಗೆ ಹೆಸರು ತಂದುಕೊಟ್ಟದ್ದು ಮದ್ರಾಸ್ ತಾರಸಿಯ ದುರಸ್ತಿ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮಿಶ್ರಣವನ್ನು ಹಾಸಿ, ಬೆಲ್ಲದ ನೀರು, ಅಳಲೆಕಾಯಿಯ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಗಟ್ಟಿ ಮಾಡುವ ಛಾವಣಿ ಅದು. ಅಂಥ ಛಾವಣಿಯ ಮನೆಯವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ ಮೇಸ್ತ್ರಿಯನ್ನು ಕರೆಸಿ ತಾರಸಿ ತೋರಿಸುವುದು ವಾಡಿಕೆಯಾಗಿತ್ತು. ಆ ವಾಡಿಕೆಯೇ ಸಂಸ್ಥೆಯ ಬಂಡವಾಳವಾಯಿತು. ಮಗಳ ಮದುವೆಗೆ ಸುಣ್ಣ ಬಣ್ಣ, ಮಗನ ಮದುವೆಯ ನಂತರ ಮಹಡಿಯ ಮೇಲೊಂದು ಕೋಣೆ, ಮೆಟ್ಟಿಲು ಹತ್ತಲಾರದ ಹಿರಿಯರಿಗೆ ಕೆಳಗೇ ಒಂದು ಬಚ್ಚಲುಮನೆ, ಹೀಗೆ ಒಂದೇ ಮನೆಯ ಕೆಲಸ ಹತ್ತಿಪ್ಪತ್ತು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ದರ ನಿಗದಿಯಾಗುತ್ತಿದ್ದುದು ಬಾಯಿಮಾತಿನಲ್ಲಿ. ಜಾಹೀರಾತಿಗೆಂದು ಅವರು ಹಣ ಖರ್ಚು ಮಾಡಿದ ದಾಖಲೆ ಹಳೆಯ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ.

ಎರಡನೆಯ ತಲೆಮಾರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಪಾಲುದಾರರಾದರು. ಅಣ್ಣನದು ಕೆಲಸದ ಜಾಗ, ತಮ್ಮನದು ಲೆಕ್ಕ. ಇವರಿಬ್ಬರಷ್ಟೇ ತೂಕದ ಮೂರನೆಯ ವ್ಯಕ್ತಿ ಹಿರಿಯ ಮೇಸ್ತ್ರಿ. ಅವರ ತಂದೆಯೂ ಇದೇ ಸಂಸ್ಥೆಯಲ್ಲಿ ದುಡಿದವರು. ಕಾಗದಪತ್ರಗಳಲ್ಲಿ ಮಾತ್ರ ಅವರ ಹೆಸರು ಎಲ್ಲಿಯೂ ಇರಲಿಲ್ಲ.

2007ರ ಸುಮಾರಿಗೆ ನಿವೇಶನದ ಬೆಲೆ ಏರುತ್ತಿದ್ದಾಗ ಒಂದು ಪ್ರಸ್ತಾವ ತಂದವರು ತಮ್ಮ. ಹಳೆಯ ಗ್ರಾಹಕರೊಬ್ಬರು ತಮ್ಮ ದೊಡ್ಡ ನಿವೇಶನವನ್ನು ಜಂಟಿ ಅಭಿವೃದ್ಧಿಗೆ, ಅಂದರೆ ನಿವೇಶನ ಅವರದು, ಕಟ್ಟುವ ಖರ್ಚು ಸಂಸ್ಥೆಯದು, ಕಟ್ಟಿದ್ದರಲ್ಲಿ ಇಬ್ಬರಿಗೂ ಪಾಲು ಎಂಬ ಏರ್ಪಾಟಿಗೆ, ಕೊಡಲು ಸಿದ್ಧರಿದ್ದರು; ಸಾಲ ಮಾಡಿ ಅಪಾರ್ಟ್‌ಮೆಂಟ್ ಕಟ್ಟಿದರೆ ಹತ್ತು ವರ್ಷದ ದುರಸ್ತಿ ಕೆಲಸದ ಲಾಭ ಒಂದೇ ಸಲಕ್ಕೆ ಬರುವ ಲೆಕ್ಕವಿತ್ತು. ಅಣ್ಣ ಒಪ್ಪಲಿಲ್ಲ. ಅವರು ಕೊಟ್ಟ ಕಾರಣ ಆದರ್ಶದ್ದಲ್ಲ, ತೀರ ವ್ಯವಹಾರದ್ದು: ಇಂದಿನವರೆಗೆ ನಮ್ಮ ಗ್ರಾಹಕರಾಗಿರುವವರು, ಕಟ್ಟಡ ತಡವಾದರೆ ನಮಗೆ ಸಾಲ ಕೊಟ್ಟವರ ಜಾಗದಲ್ಲಿ ನಿಂತು ನಮ್ಮನ್ನು ಕೇಳಬೇಕಾಗುತ್ತದೆ, ಆಮೇಲೆ ಅವರ ಬೀದಿಯಲ್ಲಿ ನಮಗೆ ಕೆಲಸವಿರುವುದಿಲ್ಲ. ಜಪಾನಿನ ಒಸಾಕಾದಲ್ಲಿ ಕ್ರಿ.ಶ. 578ರಿಂದ ಬೌದ್ಧ ದೇವಾಲಯಗಳನ್ನು ಕಟ್ಟುತ್ತ, ದುರಸ್ತಿ ಮಾಡುತ್ತ ಬಂದ ಕೊಂಗೊ ಗುಮಿ ಎಂಬ ಕುಟುಂಬ ಸಂಸ್ಥೆ 2006ರಲ್ಲಿ ಸ್ವತಂತ್ರ ಅಸ್ತಿತ್ವ ಕಳೆದುಕೊಂಡು ದೊಡ್ಡ ನಿರ್ಮಾಣ ಕಂಪನಿಯೊಂದರ ಅಂಗವಾದದ್ದಕ್ಕೆ, 1980ರ ದಶಕದಲ್ಲಿ ಭೂಮಿಯ ಬೆಲೆ ಉಬ್ಬಿದಾಗ ರಿಯಲ್ ಎಸ್ಟೇಟ್‌ಗೆಂದು ಮಾಡಿದ ಸಾಲ ಒಂದು ಮುಖ್ಯ ಕಾರಣ. ಮೈಸೂರಿನ ಈ ಅಣ್ಣನಿಗೆ ಆ ಸಂಗತಿ ಗೊತ್ತಿರಲಿಲ್ಲ. ಆದರೂ ಅಳುಕಿದ್ದು ಅದೇ ಜಾಗದಲ್ಲಿ.

ಸಮಸ್ಯೆ

ಹೊರಗಿನಿಂದ ನೋಡಿದವರಿಗೆ 2014ರಲ್ಲಿ ಸಂಸ್ಥೆ ಗಟ್ಟಿಯಾಗಿಯೇ ಇತ್ತು. ಒಳಗೆ ಮೂರು ಗಂಟುಗಳು ಬಿಗಿಯುತ್ತಿದ್ದವು. ಮೊದಲನೆಯದು ಬಾಕಿ. ವಾರ್ಷಿಕ ವಹಿವಾಟಿನ ಸುಮಾರು ಕಾಲು ಭಾಗ ಗ್ರಾಹಕರ ಬಳಿಯೇ ಉಳಿದಿರುತ್ತಿತ್ತು, ಮತ್ತು ಹೆಚ್ಚು ತಡ ಮಾಡುತ್ತಿದ್ದವರು ಹೊಸಬರಲ್ಲ, ಹಳಬರು. "ಎಲ್ಲಿಗೆ ಹೋಗ್ತೀನಿ, ಕೊಡ್ತೀನಿ ಬಿಡಿ" ಎಂದವರನ್ನು ಮತ್ತೆ ಕೇಳುವುದು ಅಣ್ಣನಿಗೆ ಮುಜುಗರ. ಆ ಮುಜುಗರದ ಬೆಲೆಯನ್ನು ತೆರುತ್ತಿದ್ದವರು ಶನಿವಾರದ ಬಟವಾಡೆಗೆ ಕಾಯುವ ಆಳುಗಳು. ಎರಡನೆಯದು, ಮೇಸ್ತ್ರಿಯ ಮಗ ಬೇರೆ ಗುತ್ತಿಗೆದಾರರ ಕಡೆ ಹೋಗುವ ಮಾತಾಡುತ್ತಿದ್ದ. ಅವನು ಹೋದರೆ ಅರ್ಧ ಗಾರೆಯವರು ಅವನ ಹಿಂದೆ ಹೋಗುವುದು ಖಚಿತವಿತ್ತು. ಮೂರನೆಯದು ಒಂದು ತಾರಸಿ. ಮೊದಲೆರಡು ಗಂಟುಗಳು ಕೊನೆಗೆ ಬಿಚ್ಚಿಕೊಂಡದ್ದೂ ಇದರಿಂದಲೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2012ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಅರಸರ ಕಾಲದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದ ಮೇಲೆ ಹಳೆಯ ತಾರಸಿಯ ಕೆಳಗೆ ಮಲಗುವವರಿಗೆಲ್ಲ ಅಂಜಿಕೆ ಹತ್ತಿತು. ಸಂಸ್ಥಾಪಕರ ಕಾಲದಿಂದಲೂ ಗ್ರಾಹಕರಾಗಿದ್ದ ಮನೆತನದ ನಿವೃತ್ತ ಶಿಕ್ಷಕಿಯೊಬ್ಬರು ಮರುವರ್ಷ ತಮ್ಮ ಮನೆಯ ತಾರಸಿ ಭದ್ರಪಡಿಸಿಕೊಡುವಂತೆ ಕೇಳಿದರು. ಆಗ ಕೆಲಸದ ಒತ್ತಡವಿತ್ತು. ತಾರಸಿಯ ಮೇಲೆ ಜಲನಿರೋಧಕ ರಾಸಾಯನಿಕ ಬೆರೆಸಿದ ಸಿಮೆಂಟಿನ ಪದರ ಹಾಕಿ, ತೇವ ಕಂಡ ಗೋಡೆಗಳಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿ, ಬಣ್ಣ ಬಳಿದು ಮುಗಿಸಲಾಯಿತು. 2015ರ ಮಳೆಯಲ್ಲಿ ಹಜಾರದ ಗೋಡೆ ಉಪ್ಪು ಬಿಟ್ಟು ಉಬ್ಬಿತು. ಮೂಲೆಯಲ್ಲಿ ಜಂತೆಯ ಪಕ್ಕದಿಂದ ಮಣ್ಣು ಉದುರತೊಡಗಿತು. ನೋಡಲು ಹೋದ ಅಣ್ಣನಿಗೆ ಆ ಶಿಕ್ಷಕಿ ಹೇಳಿದ ಮಾತು ಸಂಸ್ಥೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ: "ನಿಮ್ಮಪ್ಪ ಇದೇ ಜಗುಲೀಲಿ ಕೂತು ಕಾಫಿ ಕುಡಿದು ಹೋಗ್ತಿದ್ರು. ಈ ಗೋಡೆ ವಿಷಯ ನಾನು ನಿಮಗೆ ಹೇಳ್ಕೊಡಬೇಕೇನಪ್ಪ?"

ಕರಾರುಪತ್ರವಿರಲಿಲ್ಲ, ಖಾತರಿಯ ಅವಧಿಯೂ ಇರಲಿಲ್ಲ. ಹಳೆಯ ಮನೆಯ ದೋಷಕ್ಕೆ ನಾವು ಹೊಣೆಯಲ್ಲ, ಕೂಲಿ ಬಿಟ್ಟುಕೊಟ್ಟು ಸಾಮಗ್ರಿಯ ಹಣ ಪಡೆಯೋಣ ಎಂಬುದು ತಮ್ಮನ ನಿಲುವು. ಪೂರ್ತಿ ನಮ್ಮ ಖರ್ಚಿನಲ್ಲೇ ಮಾಡಿಕೊಡಬೇಕು ಎಂಬುದು ಅಣ್ಣನದು. ಆ ವರ್ಷದ ಲಾಭದ ಗಣನೀಯ ಪಾಲು ಇದಕ್ಕೇ ಹೋಗುತ್ತದೆಂದು ನಾನು ಲೆಕ್ಕ ಹಾಕಿ ತೋರಿಸಿದ್ದೆ. ಕೊನೆಗೆ ತಾರಸಿಯನ್ನು ಮೊದಲು ಬಿಚ್ಚಿ ನೋಡುವುದು, ಹೊಣೆಯ ಪ್ರಶ್ನೆಯನ್ನು ಆಮೇಲೆ ತೀರ್ಮಾನಿಸುವುದು ಎಂದಾಯಿತು.

ಬಿಚ್ಚಿದಾಗ ಕಂಡದ್ದು ಯಾರೂ ನಿರೀಕ್ಷಿಸದ ಸಂಗತಿ. ತೀರ ಇತ್ತೀಚಿನ ಪದರದ ಕೆಳಗೆ ಇನ್ನೊಂದು ಸಿಮೆಂಟಿನ ಪದರ, ಅದರ ಕೆಳಗೆ ಮತ್ತೊಂದು. ಹಿರಿಯ ಮೇಸ್ತ್ರಿ ಕೂತು ನೆನಪಿಸಿಕೊಂಡರು: ಕೆಳಗಿನದು ತಮ್ಮ ತಂದೆಯ ಕಾಲದ್ದು, ನಡುವಿನದು ತಮ್ಮದೇ ಕೈಯದ್ದು. ಸೋರಿದಾಗಲೆಲ್ಲ ಇದೇ ಸಂಸ್ಥೆ ಬಂದು ಒಂದೊಂದು ಪದರ ಹೇರಿ ಹೋಗಿತ್ತು. ಪ್ರತಿ ಸಲವೂ ಜಂತೆಗಳ ಮೇಲಿನ ಭಾರ ಹೆಚ್ಚಿತ್ತು. ಒಳಗೆ ಇಳಿದ ನೀರು ಆರಲು ದಾರಿಯಿಲ್ಲದೆ, ಗೋಡೆಯೊಳಗೆ ಹುದುಗಿದ್ದ ಜಂತೆಯ ತುದಿಗಳಲ್ಲಿ ನಿಂತು ಮರವನ್ನು ಕೊಳೆಸಿತ್ತು. ಸುಣ್ಣದ ಗೋಡೆ ತೇವವನ್ನು ಹೀರಿಕೊಂಡರೂ ಬಿಸಿಲಿಗೆ ಹೊರಬಿಡುತ್ತದೆ; ಅದರ ಮೇಲೆ ಸಿಮೆಂಟ್ ಬಿಗಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪಿನೊಡನೆ ಬೇರೆ ಕಡೆ ಒಡೆದು ಬರುತ್ತದೆ. ಗೋಡೆ ಉಬ್ಬಿದ್ದು ಅದರಿಂದ.

ಈ ಪ್ರಕರಣದ ತಿರುವು ಇಲ್ಲಿದೆ. ಈ ಸಂಸ್ಥೆಗೆ ಆ ಮನೆಯಲ್ಲಿ ಯಾವ ವರ್ಷ ಯಾರ ಮದುವೆಯಾಯಿತು, ಯಾವ ಮಗ ಯಾವ ಊರಿನಲ್ಲಿದ್ದಾನೆ ಎಂಬುದೆಲ್ಲ ಗೊತ್ತಿತ್ತು. ಆ ಮನೆಯ ತಾರಸಿಯ ಮೇಲೆ ತಾನೇ ಎಷ್ಟು ಪದರ ಹಾಕಿದ್ದೇನೆಂಬುದು ಗೊತ್ತಿರಲಿಲ್ಲ. ಅರ್ಧ ಶತಮಾನದ ಸಂಬಂಧ ಮನೆಯವರ ಜೊತೆ ಬೆಳೆದಿತ್ತು, ಮನೆಯ ಜೊತೆ ಬೆಳೆದಿರಲಿಲ್ಲ. ಮೂರೂ ಪದರಗಳು ತಮ್ಮವೇ ಎಂದು ತಿಳಿದ ಮೇಲೆ ಹೊಣೆ ಯಾರದೆಂಬ ಚರ್ಚೆ ತಾನಾಗಿ ನಿಂತಿತು. ತಮ್ಮನೂ ಒಪ್ಪಿದರು. ಪದರಗಳನ್ನೆಲ್ಲ ತೆಗೆದು, ಕೊಳೆತ ಜಂತೆಗಳನ್ನು ಬದಲಿಸಿ, ತಾರಸಿಯನ್ನು ಮತ್ತೆ ಸುಣ್ಣದಲ್ಲೇ ಮಾಡಿ, ಗೋಡೆಗಳಿಗೂ ಸುಣ್ಣದ ಗಾರೆಯನ್ನೇ ಹಿಡಿಸಲಾಯಿತು. ಶಿಕ್ಷಕಿ ತಾವಾಗಿಯೇ ಮರದ ಬೆಲೆ ಕೊಟ್ಟರು. ಉಳಿದದ್ದು ಸಂಸ್ಥೆಯ ಖರ್ಚು.

ಕೈಗೊಂಡ ಕ್ರಮಗಳು

ಅದೇ ವರ್ಷ ಅಣ್ಣನ ಮಗಳು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಸಿವಿಲ್ ಎಂಜಿನಿಯರ್, ಸಂಸ್ಥೆಗೆ ಬಂದರು. ಅವರು ಮೊದಲು ಮಾಡಿದ್ದು ಪ್ರತಿ ಮನೆಗೂ ಒಂದು ಪುಸ್ತಕ ತೆರೆದದ್ದು. ಸಂಸ್ಥೆಯೊಳಗೆ ಅದಕ್ಕೆ ಮನೆ ಪುಸ್ತಕ ಎಂದೇ ಹೆಸರು. ಒಂದು ಪುಟದಲ್ಲಿ ನಾನು ಕಂಡ ನಮೂದುಗಳು ಹೀಗಿವೆ: "ಹಜಾರದ ತೆಂಕಣ ತುದಿಯಿಂದ ನಾಲ್ಕನೇ ಜಂತೆ ಬದಲು. ಅಡುಗೆಮನೆ ಮೂಡಣ ಗೋಡೆಯಲ್ಲಿ ನೆಲದಿಂದ ಒಂದೂವರೆ ಅಡಿಗೆ ನಲ್ಲಿ ಪೈಪು, ಮೊಳೆ ಹೊಡೆಯಬಾರದು. ರೆಡ್ ಆಕ್ಸೈಡ್ ನೆಲ, ಆ್ಯಸಿಡ್ ಬೇಡ. ಮಧ್ಯಾಹ್ನ 2ರಿಂದ 4 ಅಜ್ಜಿ ಮಲಗುತ್ತಾರೆ, ಡ್ರಿಲ್ ಬೇಡ." ಕೊನೆಯ ನಮೂದಿಗೂ ಮೊದಲನೆಯದರಷ್ಟೇ ಜಾಗ ಸಿಕ್ಕಿರುವುದು ನನಗೆ ಮೆಚ್ಚುಗೆಯಾಯಿತು.

ಪುಸ್ತಕಕ್ಕೆ ಬಂದ ಅಡ್ಡಿ ಬೇರೆ ದಿಕ್ಕಿನದು. ಮೇಸ್ತ್ರಿ ಮಾಹಿತಿ ಕೊಡಲು ಹಿಂದೇಟು ಹಾಕಿದರು. ಕೇಳಿದರೆ ಮರೆತೆ ಎನ್ನುತ್ತಿದ್ದರು, ಇಲ್ಲವೇ ಜಾಗಕ್ಕೆ ಹೋದರೆ ಹೇಳುತ್ತೇನೆ ಎನ್ನುತ್ತಿದ್ದರು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಬಾಯಿಬಿಟ್ಟರು: "ಎಲ್ಲಾನೂ ಪುಸ್ತಕಕ್ಕೆ ಇಳಿಸ್ಬುಟ್ರೆ ಆಮೇಲೆ ನಾನ್ಯಾಕವ್ವ ಬೇಕು ನಿಮ್ಗೆ?" ಅವರ ಅನುಮಾನ ನ್ಯಾಯವಾದದ್ದು. ಎರಡು ತಲೆಮಾರು ದುಡಿದ ಕುಟುಂಬಕ್ಕೆ ಈ ಸಂಸ್ಥೆಯಲ್ಲಿದ್ದ ಏಕೈಕ ಆಸ್ತಿ ಅವರ ತಲೆಯಲ್ಲಿದ್ದ ತಿಳಿವಳಿಕೆ. ಅದನ್ನು ಬರೆದುಕೊಡಿ ಎನ್ನುವುದು ಆಸ್ತಿಯನ್ನು ಬರೆದುಕೊಡಿ ಎಂದಂತೆಯೇ ಆಗಿತ್ತು. "ನೀವು ನಮ್ಮ ಮನೆಯವರಿದ್ದ ಹಾಗೆ" ಎಂಬ ಮಾತನ್ನು ಆ ಕುಟುಂಬ ಬಹಳ ವರ್ಷಗಳಿಂದ ಕೇಳಿತ್ತು. ಮನೆಯವರಿಗೆ ಇರುವ ಪಾಲು ಮಾತ್ರ ಇರಲಿಲ್ಲ.

ಇಲ್ಲಿ ತೆಗೆದುಕೊಂಡ ತೀರ್ಮಾನವೇ ಸಂಸ್ಥೆಯನ್ನು ಉಳಿಸಿತೆಂದು ನಾನು ಎಣಿಸುತ್ತೇನೆ. ಮೇಸ್ತ್ರಿ ಮತ್ತು ಅವರ ಮಗ ನಡೆಸಿದ ಪ್ರತಿ ಕೆಲಸದ ನಿವ್ವಳ ಲಾಭದಲ್ಲಿ ಒಂದು ಪಾಲು ಅವರದೆಂದು ಬರವಣಿಗೆಯಲ್ಲಿ ಒಪ್ಪಂದವಾಯಿತು, ಮತ್ತು ಆ ಕೆಲಸದ ಖರ್ಚುವೆಚ್ಚ ಅವರಿಗೂ ಕಾಣುವಂತಾಯಿತು. ಪುಸ್ತಕದ ಪ್ರತಿ ನಮೂದಿನ ಕೆಳಗೆ ಹೇಳಿದವರ ಹೆಸರು ಬರೆಯುವ ಪದ್ಧತಿ ಬಂದಿತು. ಬಿಟ್ಟುಹೋಗುವ ಮಾತಾಡುತ್ತಿದ್ದ ಮಗ ಉಳಿದುಕೊಂಡ. ಲಾಭ ಹಂಚುವುದಕ್ಕಿಂತ ಲೆಕ್ಕ ತೋರಿಸುವುದೇ ಅಣ್ಣತಮ್ಮಂದಿರಿಗೆ ಕಷ್ಟವಾಯಿತು ಎಂಬುದನ್ನೂ ಹೇಳಬೇಕು.

ಇದೇ ಹೊತ್ತಿಗೆ ಬೇರೊಂದು ದಾರಿಯನ್ನೂ ತಮ್ಮ ಪರೀಕ್ಷಿಸುತ್ತಿದ್ದರು. ಹಳೆಯ ಮನೆಗಳು ಕಡಿಮೆಯಾಗುತ್ತಿವೆ, ಫ್ಲ್ಯಾಟಿನಲ್ಲಿ ಬೆಳೆದ ಹುಡುಗರಿಗೆ ಯಾವ ಮೇಸ್ತ್ರಿಯ ಪರಿಚಯವೂ ಇಲ್ಲ, ಅವರು ಮೊಬೈಲಿನಲ್ಲಿ ಹುಡುಕುತ್ತಾರೆ ಎಂಬ ಅವರ ಗ್ರಹಿಕೆ ಸರಿಯಾಗಿತ್ತು. ಗ್ರಾಹಕರನ್ನು ಒದಗಿಸುವ ಒಂದು ಆನ್‌ಲೈನ್ ವೇದಿಕೆಯ ಮೂಲಕ ಚದರಡಿಗೆ ಇಷ್ಟು ಎಂಬ ಪ್ಯಾಕೇಜ್ ಕೆಲಸಗಳನ್ನು ಹಿಡಿದರು. ಕೆಲಸ ಬಂತು, ಲಾಭ ಬರಲಿಲ್ಲ. ದರ ಮೊದಲೇ ನಿಗದಿಯಾಗಿರುವುದರಿಂದ ಗೋಡೆ ಒಡೆದ ಮೇಲೆ ಕಾಣುವ ದೋಷಕ್ಕೆ ಜಾಗವೇ ಇರಲಿಲ್ಲ. ಕಂಡರೂ ಮುಚ್ಚಿ ಮುಂದೆ ಹೋಗುವಂತೆ ಆ ದರವೇ ಒತ್ತಾಯಿಸುತ್ತಿತ್ತು. ಅಂಥ ಗ್ರಾಹಕರು ಎರಡನೆಯ ಸಲ ಕರೆದದ್ದು ತೀರ ಕಡಿಮೆ. ಒಂದು ವರ್ಷಕ್ಕೆ ಅದನ್ನು ನಿಲ್ಲಿಸಿದರು.

2016ರ ನವೆಂಬರ್ 8ರ ನೋಟು ಅಮಾನ್ಯೀಕರಣ ಬಟವಾಡೆಯ ಬುಡಕ್ಕೇ ಪೆಟ್ಟು ಕೊಟ್ಟಿತು. ಚಾಲ್ತಿ ಖಾತೆಯಿಂದ ವಾರಕ್ಕೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಾಲ್ಕೈದು ಕಡೆ ಕೆಲಸ ನಡೆಯುತ್ತಿದ್ದಾಗ ಅದು ಎಲ್ಲಿಗೂ ಸಾಲದು. ಸಂಸ್ಥೆಯವರು ಹಿಂದೆ ಮನೆ ನವೀಕರಿಸಿಕೊಟ್ಟಿದ್ದ ಒಬ್ಬ ದಿನಸಿ ವ್ಯಾಪಾರಿ, ಸಂಸ್ಥೆಯ ಚೀಟಿ ತಂದ ಆಳಿಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟು, ತಿಂಗಳ ಕೊನೆಗೆ ಚೆಕ್ಕಿನಲ್ಲಿ ಹಣ ಪಡೆಯಲು ಒಪ್ಪಿದರು. ಗಾರೆಯವರಾಗಲಿ ಚಿತ್ತಾಳುಗಳಾಗಲಿ ಊರಿಗೆ ಹಿಂದಿರುಗಲಿಲ್ಲ. ಸಂಬಂಧದ ಮಹಿಮೆ ಎಂದು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಅಣ್ಣನ ಮಗಳು ನಿಲ್ಲಿಸಲಿಲ್ಲ. ಮುಂದಿನ ತಿಂಗಳುಗಳಲ್ಲಿ ಎಲ್ಲ ಆಳುಗಳಿಗೂ ಬ್ಯಾಂಕ್ ಖಾತೆ ತೆರೆಸಿ, ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಕೊಟ್ಟು, ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದರು. 2020ರ ಲಾಕ್‌ಡೌನ್‌ನಲ್ಲಿ ನೋಂದಾಯಿತ ಕಾರ್ಮಿಕರ ಖಾತೆಗೆ ಸರ್ಕಾರದ ನೆರವಿನ ಹಣ ಜಮಾ ಆದಾಗ ಇವರ ಆಳುಗಳು ಪಟ್ಟಿಯಲ್ಲಿದ್ದರು. ಅದೇ ಬೀದಿಯಲ್ಲಿ ಬೇರೆಯವರ ಕೈಕೆಳಗೆ ದುಡಿಯುತ್ತಿದ್ದ ಅನೇಕರು ಇರಲಿಲ್ಲ.

ಬಾಕಿಯ ಗಂಟು ಬಿಚ್ಚಿಕೊಂಡ ಬಗೆ ಸ್ವಾರಸ್ಯಕರ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು, ಮನೆ ದುರಸ್ತಿಯ ಗುತ್ತಿಗೆ ಕೆಲಸಕ್ಕೆ 18 ಶೇಕಡಾ ತೆರಿಗೆ ಬಿತ್ತು. ಮನೆಯ ಮಾಲೀಕರಿಗೆ ಅದನ್ನು ಎಲ್ಲಿಯೂ ವಜಾ ಮಾಡಿಕೊಳ್ಳುವ ಅವಕಾಶವಿಲ್ಲ. ಹಳೆಯ ಗ್ರಾಹಕರು ಬಿಲ್ಲು ಬೇಡ ಎನ್ನತೊಡಗಿದರು. ಬಿಲ್ಲಿಲ್ಲದೆ ಕೆಲಸವಿಲ್ಲ ಎಂದು ಸಂಸ್ಥೆ ತೀರ್ಮಾನಿಸಿತು. ಅದರ ಜೊತೆಗೇ ಅಂದಾಜು ಪಟ್ಟಿ ಮತ್ತು ಕಂತುಗಳ ವಿವರವೂ ಲಿಖಿತವಾಗಿ ಹೋಗತೊಡಗಿತು. ಇಷ್ಟು ವರ್ಷ ಕಾಗದ ಕೇಳಿದರೆ ನಂಬಿಕೆಯಿಲ್ಲವೇ ಎಂದು ಮುನಿಸಿಕೊಳ್ಳುತ್ತಿದ್ದವರು, ಸರ್ಕಾರದ ನಿಯಮ ಎಂದಾಗ ಸುಮ್ಮನೆ ಸಹಿ ಹಾಕಿದರು. ಇದಕ್ಕೆ ಪ್ರತಿಯಾಗಿ ಸಂಸ್ಥೆ ತಾನಾಗಿಯೇ ಒಂದು ಕಟ್ಟು ಹಾಕಿಕೊಂಡಿತು: ತಾರಸಿ ಮತ್ತು ತೇವದ ಕೆಲಸದಲ್ಲಿ ಕೊನೆಯ ಕಂತನ್ನು ಒಂದು ಮಳೆಗಾಲ ಕಳೆದ ಮೇಲೆಯೇ ಪಡೆಯುವುದು. ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ಖರ್ಚಿಗೆ ಕೈಯಲ್ಲಿರಬೇಕಾದ ಹಣದ, ದೃಷ್ಟಿಯಿಂದ ಇದು ದುಬಾರಿ, ಮತ್ತು ನಾನು ಬೇಡವೆಂದೇ ಸಲಹೆ ಕೊಟ್ಟಿದ್ದೆ. ಆದರೆ ಕೊನೆಯ ಕಂತು ತಮ್ಮ ಕೈಯಲ್ಲಿದೆ ಎಂಬ ಧೈರ್ಯಕ್ಕೆ ಗ್ರಾಹಕರು ಮೊದಲಿನ ಕಂತುಗಳನ್ನು ಹೇಳಿದ ದಿನಕ್ಕೆ ಕೊಡತೊಡಗಿದರು.

ಎಲ್ಲರೂ ಒಪ್ಪಿದರೆಂದಲ್ಲ. ಮೂರು ತಲೆಮಾರಿನ ಪರಿಚಯದ ಒಂದು ಮನೆತನ, "ನಿಮ್ಮ ಮನೆಗೆ ನಾವು ಅರಿಶಿನ ಕುಂಕುಮಕ್ಕೆ ಬಂದವರು, ನಮ್ಮ ಹತ್ತಿರ ಸಹಿ ತಗೋತೀರಾ" ಎಂದು ನೊಂದುಕೊಂಡು ಬೇರೆಯವರ ಬಳಿ ಹೋಯಿತು. ಅವರು ಮರಳಿ ಬಂದಿಲ್ಲ.

ಫಲಿತಾಂಶ ಮತ್ತು ಅದರ ವಿಶ್ಲೇಷಣೆ

ಬಾಕಿ ಮೊದಲಿನ ಅರ್ಧಕ್ಕಿಂತ ಕಡಿಮೆಯಾಯಿತು. ವಹಿವಾಟು ಹೆಚ್ಚಿದ್ದು ಸ್ವಲ್ಪವೇ. ಆದರೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಈಗಲೂ ಹಳೆಯ ಮನೆಗಳಿಂದ, ಅಥವಾ ಆ ಮನೆಯವರು ಹೇಳಿ ಕಳಿಸಿದವರಿಂದ ಬರುತ್ತದೆ.

ದೊಡ್ಡ ಪರೀಕ್ಷೆ 2019ರಲ್ಲಿ ಎದುರಾಯಿತು. ಅಣ್ಣ ಹೃದಯಾಘಾತದಿಂದ ತೀರಿಕೊಂಡರು. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 42ನೇ ಕಲಮಿನಂತೆ, ಪಾಲುದಾರರ ನಡುವೆ ಬೇರೆ ಕರಾರು ಇಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಇವರ ಹಳೆಯ ಪತ್ರದಲ್ಲಿ ಆ ಬಗ್ಗೆ ಒಂದಕ್ಷರವೂ ಇರಲಿಲ್ಲ; ಅಣ್ಣತಮ್ಮಂದಿರ ನಡುವೆ ಸಾವಿನ ಮಾತೇಕೆ ಎಂದು ಬಿಟ್ಟಿದ್ದರು. ಹಿಂದಿನ ವರ್ಷವಷ್ಟೇ ಹೊಸ ಪತ್ರ ಮಾಡಿಸಿ, ಸಂಸ್ಥೆ ಮುಂದುವರಿಯುವುದು, ತೀರಿಕೊಂಡವರ ಬಂಡವಾಳವನ್ನು ಕಂತುಗಳಲ್ಲಿ ಹಿಂದಿರುಗಿಸುವುದು, ಮಗಳು ಮತ್ತು ಮೇಸ್ತ್ರಿಯ ಮಗ ಪಾಲುದಾರರಾಗುವುದು ಎಂದು ಬರೆಸಲಾಗಿತ್ತು. ಕುಲದ ಹೊರಗಿನವನನ್ನು ಪಾಲುದಾರನಾಗಿ ಮಾಡಿಕೊಂಡದ್ದಕ್ಕೆ ನೆಂಟರಲ್ಲಿ ಗೊಣಗಾಟವಾಯಿತು. ಆದರೆ ತಮ್ಮನ ಸ್ವಂತ ಮಗನಿಗೆ ಈ ಕಸುಬಿನಲ್ಲಿ ಆಸಕ್ತಿಯಿರಲಿಲ್ಲ, ಮತ್ತು ಅದನ್ನು ಮೊದಲು ಹೇಳಿದವರೇ ತಮ್ಮ. ಅಪಾರ್ಟ್‌ಮೆಂಟ್ ಬೇಡವೆಂದಾಗ, ಪ್ಯಾಕೇಜ್ ಕೆಲಸ ಸೋತಾಗ ಹಿಂದೆ ಸರಿದ ಈ ಮನುಷ್ಯನ ಪಾತ್ರವನ್ನು ಕಡೆಗಣಿಸುವುದು ಸುಲಭ. ಅಣ್ಣನ ಮಗಳು ತಂದ ಪ್ರತಿಯೊಂದು ಬದಲಾವಣೆಗೂ ಹಣ ಹೊಂದಿಸಿದವರು ಇವರು, ಮತ್ತು ಅಣ್ಣ ಹೋದ ಮೇಲೆ ಗ್ರಾಹಕರ ಮನೆಗಳಿಗೆ ಅವರನ್ನು ತಾವೇ ಕರೆದುಕೊಂಡು ಹೋಗಿ "ಇನ್ನು ಮುಂದೆ ಇವಳನ್ನೇ ಕೇಳಿ" ಎಂದು ಒಪ್ಪಿಸಿ ಬಂದವರೂ ಇವರೇ.

ಕುಟುಂಬ ಸಂಸ್ಥೆಗಳ ಬಗ್ಗೆ ಮಾತಾಡುವಾಗ ಪ್ರೀತಿ, ವಿಶ್ವಾಸ, ಆತ್ಮೀಯತೆ ಎಂಬ ಪದಗಳು ಬೇಗ ಬರುತ್ತವೆ. ಈ ಸಂಸ್ಥೆಯಲ್ಲಿ ಅವು ಮೊದಲಿನಿಂದ ಇದ್ದವು. ಬಾಕಿ ಬೆಳೆದದ್ದು, ಮೇಸ್ತ್ರಿಯ ಹಕ್ಕು ಮರೆಯಾದದ್ದು, ಪಾಲುದಾರಿಕೆ ಪತ್ರ ಅರ್ಧಕ್ಕೇ ನಿಂತದ್ದು ಎಲ್ಲವೂ ಅವುಗಳ ನೆರಳಿನಲ್ಲೇ. ಹೇಳುವುದು ಬೇಡ, ಬರೆಯುವುದು ಬೇಡ ಎಂಬ ದಾಕ್ಷಿಣ್ಯವನ್ನು ಎಲ್ಲರೂ ಸಂಬಂಧವೆಂದೇ ಭಾವಿಸಿದ್ದರು. ಯಾರಿಗೆ ಏನು ಸಲ್ಲಬೇಕೆಂಬುದನ್ನು ಬರೆದಿಟ್ಟ ಮೇಲೆ ಒಂದು ಮನೆತನ ದೂರವಾಯಿತು, ಉಳಿದವರು ಹತ್ತಿರವಾದರು. ಆದರೆ ಬರವಣಿಗೆ ತಾನಾಗಿ ಕೆಲಸ ಮಾಡಿತೆಂದೂ ಹೇಳಲಾರೆ. ಸಂಸ್ಥೆ ಮೊದಲು ತನ್ನ ಖರ್ಚಿನಲ್ಲಿ ತಾರಸಿ ಬಿಚ್ಚಿ ತನ್ನ ಹೊಣೆಯನ್ನು ಒಪ್ಪಿತ್ತು, ಆಮೇಲೆ ಗ್ರಾಹಕರ ಸಹಿ ಕೇಳಿತು. ಈ ಕ್ರಮ ತಿರುಗುಮುರುಗಾಗಿದ್ದರೆ ಅದೇ ಕಾಗದ ಅವಮಾನದಂತೆ ಕಾಣುತ್ತಿತ್ತು.

ಈಗ ಸಂಸ್ಥೆಯ ಮುಂದಿರುವ ಪ್ರಶ್ನೆ ಮನೆ ಪುಸ್ತಕಗಳದ್ದೇ. ಹಳೆಯ ಗ್ರಾಹಕರ ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿ ಮನೆಗಳನ್ನು ಮಾರುತ್ತಿದ್ದಾರೆ. ಕೊಂಡವರು ಕೆಡವಿದರೆ ಪುಸ್ತಕ ಅಲ್ಲಿಗೆ ಮುಗಿಯಿತು. ಕೊಂಡವರು ಮನೆಯನ್ನು ಉಳಿಸಿಕೊಂಡರೆ ಅದು ಯಾರ ಕೈಗೆ ಸೇರಬೇಕು? ಇತ್ತೀಚೆಗೆ ಒಬ್ಬ ಖರೀದಿದಾರರು ಪುಸ್ತಕದ ಪ್ರತಿ ಕೇಳಿದ್ದಾರೆ, ಆದರೆ ದುರಸ್ತಿಗೆ ಬೇರೊಬ್ಬ ಗುತ್ತಿಗೆದಾರರನ್ನು ಗೊತ್ತು ಮಾಡಿಕೊಂಡಿದ್ದಾರೆ. ತಿಳಿವಳಿಕೆ ನಮ್ಮದು, ಕೊಡಬಾರದು ಎಂಬುದು ಮೇಸ್ತ್ರಿಯ ಮಗನ ವಾದ. ಜಂತೆ ಎಲ್ಲಿ ಬದಲಾಗಿದೆ ಎಂದು ತಿಳಿಯದೆ ಯಾರಾದರೂ ತಾರಸಿಯ ಮೇಲೆ ನೀರಿನ ಟ್ಯಾಂಕ್ ಇಟ್ಟರೆ ಗತಿಯೇನು ಎಂಬುದು ಅಣ್ಣನ ಮಗಳ ಪ್ರಶ್ನೆ. ಅಜ್ಜಿ ಮಲಗುವ ಹೊತ್ತಿನಂಥ ನಮೂದುಗಳನ್ನು ತೆಗೆದು, ಕಟ್ಟಡಕ್ಕೆ ಸಂಬಂಧಿಸಿದ ಪುಟಗಳನ್ನಷ್ಟೇ ಶುಲ್ಕ ಪಡೆದು ಕೊಡಬಹುದೇ ಎಂದು ನನ್ನನ್ನು ಕೇಳಿದ್ದಾರೆ. ಆ ಶುಲ್ಕದಲ್ಲಿ ಮೇಸ್ತ್ರಿಯ ಕುಟುಂಬದ ಪಾಲೆಷ್ಟು ಎಂಬುದು ಮುಂದಿನ ಪಾಲುದಾರರ ಸಭೆಯ ವಿಷಯಪಟ್ಟಿಯಲ್ಲಿದೆ.